ಜೋಡಿ ಎಂದು ಬರೆದ ಬೆಳಿಗ್ಗೆ

ಚಾಮರಾಜಪೇಟೆಯ ನಮ್ಮ ಲ್ಯಾಬಿಗೆ ಲೇಸರ್ ಬೆಳಕಿನಲ್ಲಿ ಜೀವಕೋಶ ಅಳೆಯುವ ಯಂತ್ರ ಬಂದ ವರ್ಷ, ಅದನ್ನು ನಡೆಸಲು ಒಬ್ಬ ಹುಡುಗಿಯೂ ಬಂದಳು. ಅದುವರೆಗೆ ಕೋಶ ಎಣಿಸುವವಳು ನಾನೊಬ್ಬಳೇ. ಬಸವನಗುಡಿಯಿಂದ ನಡೆದು ಎಂಟೂವರೆಗೆ ಕುರ್ಚಿ, ಎಂಟೂ ಮುಕ್ಕಾಲಿಗೆ ಮೈಕ್ರೋಸ್ಕೋಪು. ಎಣಿಕೆಯ ಗಾಜಿನಲ್ಲಿ ಕೊರೆದ ಚೌಕದ ಮೇಲಿನ ಮತ್ತು ಎಡದ ಗೆರೆ ಮುಟ್ಟಿದ ಕೋಶ ಲೆಕ್ಕಕ್ಕೆ. ಕೆಳಗಿನ, ಬಲದ ಗೆರೆಯದು ಬಿಡಬೇಕು. ಇಪ್ಪತ್ತೆರಡು ವರ್ಷ ಈ ನಿಯಮ ತಪ್ಪಿದವಳಲ್ಲ.

ಯಂತ್ರ ಎಣಿಸಿ ಸುಮ್ಮನಾಗುತ್ತಿರಲಿಲ್ಲ. ಡಿಎನ್‌ಎ ಮೇಲೆ ಕೂತು ಜೀನುಗಳ ಬಾಯಿ ಮುಚ್ಚಿಸುವ ಮೀಥೈಲ್ ಗುರುತುಗಳಿಗೆ ಹೊಳೆಯುವ ಬಣ್ಣ ಅಂಟಿಸಿದರೆ, ಯಾವ ಕೋಶದಲ್ಲಿ ಗುರುತು ಎಷ್ಟೆಂದು ಹೊಳಪು ನೋಡಿ ಹೇಳುತ್ತಿತ್ತು. ನನ್ನ ಕಣ್ಣಿಗೆ ಅದು ಆಗದ ಕೆಲಸ.

"ಆಂಟಿ, ಇನ್ನೂ ಟಿಕ್ ಟಿಕ್ ಅಂತ ಒತ್ತುತಾನೇ ಇದೀರಾ?" ಎಂದು ಅವಳು ನನ್ನ ಕೈಯ ಕೌಂಟರ್ ನೋಡಿ ನಗುವಳು. "ಇವತ್ತಿನ ಎಣಿಕೆ ಎಷ್ಟಮ್ಮ?" ಎಂದು ಮೊದಲು ನನ್ನ ಮೇಜಿಗೆ ಬರುತ್ತಿದ್ದ ಲ್ಯಾಬಿನ ಮುಖ್ಯಸ್ಥರು, ನಮ್ಮ ಸರ್, ಈಗ ನೇರ ಅವಳ ಪರದೆಯ ಮುಂದೆ ನಿಲ್ಲುತ್ತಿದ್ದರು.

ಒಂದು ಶುಕ್ರವಾರ ಬೆಳಿಗ್ಗೆ, ಯಂತ್ರಕ್ಕೆ ಹೋಗುವ ಮೊದಲು ಅವಳ ಸ್ಯಾಂಪಲ್ಲಿನ ಒಂದು ಹನಿ ಎಣಿಸುವಾಗ, ಕೋಶಗಳು ಎರಡೆರಡಾಗಿ ಅಂಟಿಕೊಂಡಿದ್ದವು. ಬಳೇಪೇಟೆಯಿಂದ ನಾನೇ ತಂದು ಕತ್ತರಿಸಿಟ್ಟಿದ್ದ ನೈಲಾನ್ ಬಲೆಯಲ್ಲಿ ಅವಳು ಸೋಸಿರಲಿಲ್ಲ. ಅಂಟಿದ ಜೋಡಿಯನ್ನು ಯಂತ್ರ ಒಂದೇ ಕೋಶವೆಂದು ತಿಳಿದು, ಎರಡರ ಹೊಳಪನ್ನೂ ಅದಕ್ಕೇ ಕಟ್ಟುತ್ತದೆ. ಕಂಡದ್ದನ್ನೆಲ್ಲ ಚೀಟಿಯಲ್ಲಿ ಬರೆದು ಕೊಡುವುದು ನಾನೇ ಮಾಡಿದ ಪದ್ಧತಿ. ಅಂದು ನನ್ನ ಪುಸ್ತಕದಲ್ಲಿ 'ಜೋಡಿ' ಎಂದು ಬರೆದೆ. ಚೀಟಿಯಲ್ಲಿ ಸಂಖ್ಯೆ ಮಾತ್ರ ಕೊಟ್ಟೆ.

ಮಧ್ಯಾಹ್ನ ಅವಳ ಗ್ರಾಫಿನಲ್ಲಿ ಎರಡನೆಯ ದಿಬ್ಬ ಎದ್ದಿತು. "ಸರ್, ಇವಕ್ಕೆ ಗುರುತು ಡಬಲ್ ಇದೆ. ಬೇರೇನೇ ಥರದ ಕೋಶ ಅನ್ಸತ್ತೆ."

"ಸೋಮವಾರ ಮೀಟಿಂಗಲ್ಲಿ ನೀನೇ ಹೇಳಮ್ಮ," ಎಂದರು. ನನಗೆ ಆ ಮಾತು ಯಾರೂ ಹೇಳಿರಲಿಲ್ಲ. ಹೇಳಲಿ, ಎಲ್ಲರೆದುರು ಮುಗ್ಗರಿಸಲಿ ಎಂದುಕೊಂಡು ಮನೆಗೆ ಹೋದೆ.

ಎರಡು ದಿನ ಬರೀ ಸಂಖ್ಯೆಯ ಆ ಚೀಟಿ ಕಣ್ಣ ಮುಂದಿತ್ತು. ಸೋಮವಾರ ಎಂಟೂವರೆಗೆ ಪುಸ್ತಕ ತೆರೆದು ಅವಳ ಮುಂದಿಟ್ಟೆ.

"ಶುಕ್ರವಾರಾನೇ ಗೊತ್ತಿತ್ತಾ ಆಂಟಿ?"

"ಗೊತ್ತಿತ್ತು."

ಅವಳು ನೈಲಾನ್ ಬಲೆ ಎತ್ತಿಕೊಂಡಳು. ಉಳಿದ ಸ್ಯಾಂಪಲ್ಲನ್ನು ಸೋಸಿ ಯಂತ್ರಕ್ಕೆ ಕೊಟ್ಟಳು. ದಿಬ್ಬ ಕರಗಿತ್ತು.

ಮೀಟಿಂಗಿನಲ್ಲಿ ಎದ್ದು ನಿಂತು, "ನಾನು ಸೋಸೋದು ಮರ್ತಿದ್ದೆ. ಜೋಡಿ ಹಿಡಿದಿದ್ದು ಆಂಟಿ," ಎಂದಳು. ಶುಕ್ರವಾರದ ಮಾತು ಎತ್ತಲಿಲ್ಲ. ಸರ್ ನನ್ನ ಕಡೆ ತಿರುಗಿ "ಭೇಷ್" ಎಂದರು. ಆ ಮಾತಿಗೇ ನಾನು ವರ್ಷಗಟ್ಟಲೆ ಕಾದಿದ್ದೆ. ಬಂದದ್ದು ಅವಳ ಕೈಯಿಂದ. ಅಷ್ಟು ಸಲೀಸಾಗಿ ತಪ್ಪು ಒಪ್ಪಿಕೊಳ್ಳುವುದು ನನಗೆ ಇಂದಿಗೂ ಬಾರದು. ಯಂತ್ರಕ್ಕಿಂತ ಆ ಗುಣದ ಮೇಲೆಯೇ ನನಗೆ ಹೊಟ್ಟೆಕಿಚ್ಚು ಜಾಸ್ತಿ.