ಗೋಣಿಚೀಲ ಎಳೆದ ಕೈ

ನಂಬದವರು ನಗಬಹುದು. ನನ್ನ ಬಾಮೈದ ಪ್ರಸನ್ನ ಇವತ್ತಿಗೂ ನಗುತ್ತಾನೆ. ಅವನ ಬುದ್ಧಿ ಎಷ್ಟರದೆಂದು ತಿಳಿಯಲು ಅವನು ಕಟ್ಟಿಸಿದ್ದ ಗಾಡಿಯನ್ನು ನೋಡಿದ್ದರೆ ಸಾಕಿತ್ತು. ಆದರೆ ನಡೆದದ್ದು ನಡೆದದ್ದೇ.

ತೊಂಬತ್ತರ ದಶಕದ ಕೊನೆ. ಹಳೇ ವ್ಯಾನೊಂದರ ಸೀಟು ಕಿತ್ತು, ಮಂಚ, ಗ್ಯಾಸ್ ಒಲೆ, ಗ್ಯಾಸ್ ಹೀಟರ್ ಕೂರಿಸಿ 'ಚಲಿಸುವ ಬಂಗಲೆ' ಎಂದು ಹೆಸರಿಟ್ಟಿದ್ದ ಮಹಾಶಯ. ಮೈಸೂರಿನಿಂದ ಊಟಿಗೆ ಅದರಲ್ಲೇ ಹೊರಟೆವು. ಅವನು, ನಾನು, ನನ್ನ ಹೆಂಡತಿ ಸರಳಾ. ಗೂಡಲೂರು ದಾಟಿ ಘಾಟಿ ಹತ್ತಿದ ಮೇಲೆ ರಸ್ತೆ ಪಕ್ಕದ ಹುಲ್ಲುಬಯಲಲ್ಲಿ ನಿಲ್ಲಿಸಿದ. ಜನವರಿ. ಹುಲ್ಲಿನ ಮೇಲೆ ಹಿಮ ಕೂರುವ ಚಳಿ.

ಹೀಟರ್ ಹತ್ತಿತು... ಆರಿತು. ಮತ್ತೆ ಹತ್ತಿಸಿದ... ಮತ್ತೆ ಆರಿತು.

"ಚಳಿಗೆ ಗ್ಯಾಸ್ ಏಳ್ತಿಲ್ಲ ಭಾವ. ಸಿಲಿಂಡರಿಗೆ ಬಿಸಿನೀರು ಹುಯ್ದ್ರೆ ಸರಿಹೋಗುತ್ತೆ."

ಹುಯ್ದ. ನೀಲಿ ಇರಬೇಕಾದ ಉರಿ ಹಳದಿಯಾಗಿ ಎದ್ದಿತು. ಗಾಳಿಯಾಡಲೆಂದು ಗಾಡಿಯ ನೆಲದಲ್ಲಿ ಮುಷ್ಟಿಗಾತ್ರದ ತೂತು ಬಿಟ್ಟಿದ್ದರು. ಅದರಿಂದ ಚಳಿ ಬರುತ್ತದೆಂದು ಗೋಣಿಚೀಲ ತುರುಕಿದ.

"ಲೋ, ಹೀಟರ್ ಉರೀವಾಗ ಅದನ್ನ ಮುಚ್ಚಬಾರ್ದು ಕಣೋ. ಉಸಿರು ಕಟ್ಟುತ್ತೆ."

"ಭಾವಂಗೆ ಕಾಫಿ ಲೋಟ ನೋಡಿದ್ರೂ ಮುಳುಗ್ತೀನೇನೋ ಅಂತ ಭಯ!"

ಸರಳಾ ಕಂಬಳಿಯೊಳಗಿಂದಲೇ, "ನೀವು ಸುಮ್ನೆ ಮಲ್ಕೊಳ್ರೀ," ಎಂದಳು. ಬಾಗಿಲ ಚಿಲಕವನ್ನು ಮತ್ತೆ ಮತ್ತೆ ಮುಟ್ಟಿ ನೋಡುವ ಗಂಡನ ಮಾತಿಗೆ ಬೆಲೆ ಎಲ್ಲಿ? ಸಿಟ್ಟಿನಿಂದ ನೆಲದ ಮೇಲೆ, ಆ ತೂತಿನ ಪಕ್ಕದಲ್ಲೇ ಬಿದ್ದುಕೊಂಡೆ.

ಎಚ್ಚರವಾದಾಗ ತಲೆ ಕಲ್ಲಿನಂತಿತ್ತು. ಸರ್... ಸರ್... ಕಬ್ಬಿಣಕ್ಕೆ ಗೋಣಿ ಉಜ್ಜುವ ಸದ್ದು. ಚೀಲ ಕೆಳಕ್ಕೆ ಜಾರುತ್ತಿತ್ತು.

"ಪ್ರಸನ್ನ... ಯಾರೋ ಎಳೀತಿದಾರೆ..."

"ಹಂದಿ ಇರ್ಬೇಕು... ಬಿಡಿ ಭಾವ..." ಅವನ ನಾಲಿಗೆ ತೊದಲುತ್ತಿತ್ತು.

ನಾನು ಬಿಡಲಿಲ್ಲ. ಮಂಕು ಕವಿದ ತಲೆಗೆ ಹೊಳೆದದ್ದು ಚಳಿಯೊಂದೇ. ಮುಚ್ಚಬೇಡ ಎಂದಿದ್ದ ಇದೇ ಮಹಾ ಬುದ್ಧಿವಂತ ಚೀಲದ ತುದಿ ಹಿಡಿದು ಮೇಲಕ್ಕೆ ಜಗ್ಗಿದೆ!

ಕೆಳಗಿನ ಸೆಳೆತ ನಿಂತಿತು. ಹಂದಿಯಾಗಿದ್ದರೆ ಕಿತ್ತಾಡುತ್ತಿತ್ತು. ಇದು ಕಾಯಿತು... ಆಮೇಲೆ ಮೆಲ್ಲಗೆ, ಮಗುವಿನ ಕೈಯಿಂದ ಚಾಕು ಬಿಡಿಸಿಕೊಳ್ಳುವವರಂತೆ, ಗೋಣಿಯನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡಿತು.

ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಆಗ ಬುದ್ಧಿ ಬಂತು. ತೆವಳಿಕೊಂಡು ಹೋಗಿ ಬಾಗಿಲು ತೆರೆದೆ. ಸರಳಾಳನ್ನು ಅಲುಗಿಸಿದೆ... ಏಳಲಿಲ್ಲ. ಕಂಬಳಿ ಸಮೇತ ಹುಲ್ಲಿನ ಮೇಲೆ ಎಳೆದು ಹಾಕಿದೆ. ಬಹಳ ಹೊತ್ತಿನ ಮೇಲೆ ಕೆಮ್ಮಿದಳು. ಪ್ರಸನ್ನ ತಾನೇ ಉರುಳಿ ಬಂದು ವಾಂತಿ ಮಾಡಿಕೊಂಡ.

ಟಾರ್ಚ್ ಬಿಟ್ಟು ನೋಡಿದೆ. ಗಾಡಿಯ ಸುತ್ತ ಬಿಳಿ ಹಿಮ. ನಾವು ತುಳಿದ ಜಾಗ ಬಿಟ್ಟರೆ ಹೆಜ್ಜೆಯಿಲ್ಲ, ಗೊರಸಿನ ಗುರುತಿಲ್ಲ. ಗೋಣಿಚೀಲ ಗಾಡಿಯಡಿ ಇರಲಿಲ್ಲ, ಎಲ್ಲಿಯೂ ಇರಲಿಲ್ಲ.

"ಇಲಿ ಭಾವ, ಇಲಿ," ಎಂದ ಬೆಳಿಗ್ಗೆ ಪ್ರಸನ್ನ, ರಸ್ತೆಬದಿಯ ಅಂಗಡಿಯಲ್ಲಿ ಟೀ ಹೀರುತ್ತ.

ಟೀ ಕೊಟ್ಟ ಅಣ್ಣ ಕೈ ಉಜ್ಜಿಕೊಂಡು ನಕ್ಕ. "ಈ ಪನಿಯಲ್ಲಿ, ಇಷ್ಟು ಹಿಮದಲ್ಲಿ, ನಾಯಿನೇ ಹೊರಗೆ ಬರಲ್ಲ. ಇಲಿ ಎಲ್ಲಿಂದ ಬರುತ್ತೆ ಸಾರ್?"

ಎಳೆದದ್ದು ಯಾರೋ ಇವತ್ತಿಗೂ ಗೊತ್ತಿಲ್ಲ. ನನ್ನ ನಿದ್ದೆ ಕೆಡಿಸುವುದು ಬೇರೆ... ನಾನು ಇನ್ನಷ್ಟು ಗಟ್ಟಿಯಾಗಿ ಹಿಡಿದಿದ್ದರೆ, ಅದು ಮತ್ತೊಮ್ಮೆ ಎಳೆಯುವ ತಾಳ್ಮೆ ತೋರುತ್ತಿತ್ತೇ?