ಡಾಜ್ ಗಾಡಿಗೆ ಜೀಪಿನ ಎಂಜಿನ್ನು

ಆ ಡಾಜ್ ಕಾರು ದಾಂಡೇಲಿಗೆ ಬಂದದ್ದು ಎರಡು ಎತ್ತುಗಳ ಹಿಂದೆ. ಮುಂದಿನ ಬಂಪರಿಗೆ ಬಿಗಿದ ಹಗ್ಗವನ್ನು ನೊಗಕ್ಕೆ ಕಟ್ಟಿದ್ದರು. ಎತ್ತಿನವನು ಪಕ್ಕದಲ್ಲಿ ನಡೆಯುತ್ತಿದ್ದ. ಒಳಗೆ ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತಿದ್ದವನು ದ್ಯಾಮಪ್ಪ ಬಡಿಗೇರ. ಹಳಿಯಾಳದಿಂದ ನಸುಕಿನಲ್ಲಿ ಹೊರಟವರು ಪೇಟೆ ಮುಟ್ಟುವ ಹೊತ್ತಿಗೆ ಕಾಗದದ ಗಿರಣಿಯ ಹಗಲು ಪಾಳಿ ಬಿಟ್ಟಿತ್ತು. ಸೈಕಲ್ ಹಿಡಿದು ಹೊರಬಿದ್ದ ಮಂದಿಯೆಲ್ಲ ರಸ್ತೆಯ ಎರಡೂ ಬದಿಗೆ ನಿಂತು ನೋಡಿದರು.

"ದ್ಯಾಮಪ್ಪಾ, ಮೈಲಿಗೆ ಎಷ್ಟ ಹೊರೆ ಮೇವು ಬೇಕಾಗತೈತಿ ಈ ಗಾಡಿಗೆ?" ಎಂದು ಯಾರೋ ಕೇಳಿದರು.

"ಇವತ್ತೊಂದಿನ ಅಷ್ಟ. ನಾಳಿಂದ ಬಿಡಸ್ತೇನಿ," ಎಂದ ದ್ಯಾಮಪ್ಪ. ನಗುವವರ ಜೊತೆ ತಾನೂ ನಕ್ಕ. ನಾಳೆ ಎಂದದ್ದು ಐದು ತಿಂಗಳಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಅದು ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿ. ದ್ಯಾಮಪ್ಪನಿಗೆ ಆಗ ಮೂವತ್ತರ ಮೇಲೆ ಒಂದೋ ಎರಡೋ. ಕಲಘಟಗಿ ಕಡೆಯ ಹಳ್ಳಿಯವನು. ಅಪ್ಪ ಚಕ್ಕಡಿಯ ಗಾಲಿ ಮಾಡುತ್ತಿದ್ದ. ಮಗ ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಎದುರು ಕೂತು ಗಾಲಿಯ ಅರೆಕಾಲಿನ ಕಡ್ಡಿಗಳನ್ನು ಕೆತ್ತುವುದನ್ನು ಕಲಿತ. ಅಪ್ಪ ತೀರಿಕೊಂಡ ಮೇಲೆ, ದಾಂಡೇಲಿಯಲ್ಲಿ ದೊಡ್ಡ ಗಿರಣಿ ಕಟ್ಟುತ್ತಿದ್ದಾರೆಂಬ ಸುದ್ದಿ ಕೇಳಿ ಹೆಂಡತಿ ಮಾಲವ್ವನನ್ನು ಕರೆದುಕೊಂಡು ಬಂದ. ಮೊದಲು ಕಬ್ಬಿಣದ ಸಳಿ ಹೊತ್ತ. ಆಮೇಲೆ ಗೂಳಪ್ಪನ ಗ್ಯಾರೇಜಿಗೆ ಸೇರಿದ. ಕಾಡಿನಿಂದ ದಿಮ್ಮಿ ತರುವ ಲಾರಿಗಳೆಲ್ಲ ರಿಪೇರಿಗೆ ಬರುತ್ತಿದ್ದದ್ದು ಅಲ್ಲಿಗೇ. ಗೂಳಪ್ಪ ಮಿಸ್ತ್ರಿ ಬೈದು ಕಲಿಸುವ ಮನುಷ್ಯ. ದ್ಯಾಮಪ್ಪ ಬೈಸಿಕೊಂಡು ಕಲಿಯುವವನು. ನಾಲ್ಕು ವರ್ಷದಲ್ಲಿ ತಿರುವಿನಾಚೆ ಬರುವ ಲಾರಿಯ ಸದ್ದು ಕೇಳಿಯೇ ಯಾವ ಬೇರಿಂಗು ಸವೆದಿದೆ ಎಂದು ಹೇಳುವಷ್ಟಾಗಿದ್ದ.

ಡಾಜ್ ಕಾರು ಹಳಿಯಾಳದ ಚನಬಸಪ್ಪ ಸಾವಕಾರರದು. ಎರಡನೇ ಮಹಾಯುದ್ಧಕ್ಕಿಂತ ಮೊದಲು ಅವರ ತಂದೆ ಕೊಂಡದ್ದು. ಆರು ಸಿಲಿಂಡರಿನ ಎಂಜಿನ್ನು ಬಿರುಕು ಬಿಟ್ಟು ನಾಲ್ಕು ವರ್ಷವಾಗಿತ್ತು. ಸರಕಾರ ಆಮದು ಬಿಗಿ ಮಾಡಿದ್ದರಿಂದ ಪರದೇಶದ ಬಿಡಿಭಾಗ ತರಿಸುವ ದಾರಿ ಮುಚ್ಚಿತ್ತು. ಕಾರು ಮೆಣಸಿನಕಾಯಿ ಗೋದಾಮಿನ ಮೂಲೆಯಲ್ಲಿ ನಿಂತಿತ್ತು, ಅದರ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಸಾವಕಾರರ ಲಾರಿ ರಿಪೇರಿಗೆಂದು ಹೋದಾಗಲೆಲ್ಲ ದ್ಯಾಮಪ್ಪ ಗೋದಾಮಿನೊಳಗೆ ಹೋಗಿ ಅದರ ಬಾಗಿಲು ತೆಗೆದು ಮುಚ್ಚುತ್ತಿದ್ದ. ಅಷ್ಟು ವರ್ಷವಾದರೂ ಬಾಗಿಲು ಒಂದೇ ಸಲಕ್ಕೆ ಕಚ್ಚಿಕೊಳ್ಳುತ್ತಿತ್ತು. ಅದೊಂದು ಸದ್ದು ಅವನಿಗೆ ಬಹಳ ಹಿಡಿಸಿತ್ತು.

"ಅಷ್ಟ ಜೀವಾ ಇದ್ರ ಒಯ್ಯೋ ಮಾರಾಯಾ," ಎಂದರು ಚನಬಸಪ್ಪ ಒಂದು ದಿನ. "ನನಗ ಜಾಗಾ ಆದ್ರ ಸಾಕಾಗೇತಿ. ನನ್ನ ಎರಡು ಲಾರಿ ಒಂದು ವರ್ಷ ನೋಡಿಕೊಂಡು ಬಿಡು. ಲೆಕ್ಕ ಮುಗೀತು."

ಗಾಡಿ ಸಿಕ್ಕಿತು. ಎಂಜಿನ್ನು ಸಿಕ್ಕಿದ್ದು ಜೋಯ್ಡಾ ದಾರಿಯಲ್ಲಿ. ಒಬ್ಬ ಕಂಟ್ರಾಕ್ಟರನ ಜೀಪು ತಿರುವಿನಲ್ಲಿ ಜಾರಿ ಹಳ್ಳಕ್ಕೆ ಉರುಳಿತ್ತು. ಡ್ರೈವರು ಕೈಮುರಿದುಕೊಂಡು ಉಳಿದ. ಜೀಪಿನ ಬಾಡಿ ರೊಟ್ಟಿಯಂತೆ ಚಪ್ಪಟೆಯಾಗಿತ್ತು. ಅದನ್ನು ಎತ್ತಿ ತರಲು ಹೋದ ದ್ಯಾಮಪ್ಪ ಬಾನೆಟ್ಟಿನ ತಗಡು ಸರಿಸಿ ನೋಡಿದ. ಎರಡೇ ವರ್ಷ ಹಳೆಯದಾದ ನಾಲ್ಕು ಸಿಲಿಂಡರಿನ ಎಂಜಿನ್ನು, ಒಂದು ಗೀರೂ ಇಲ್ಲದೆ ಕೂತಿತ್ತು. ಉಳಿದದ್ದನ್ನೆಲ್ಲ ಹಳೆ ಕಬ್ಬಿಣ ಕೊಳ್ಳುವ ಮೋಡಕಾದವನಿಗೆ ತೂಕದ ಮೇಲೆ ಕೊಟ್ಟ ಕಂಟ್ರಾಕ್ಟರ ಎಂಜಿನ್ನನ್ನು ಅದೇ ತೂಕದ ದರಕ್ಕೆ ದ್ಯಾಮಪ್ಪನಿಗೆ ಬಿಟ್ಟ. ಮಾಲವ್ವ ತನ್ನ ಬೆಳ್ಳಿಯ ಡಾಬು ಬಿಚ್ಚಿಕೊಟ್ಟಳು. "ಸೊಂಟಕ್ಕ ಭಾರ ಆಗಿತ್ತು" ಎಂದಷ್ಟೇ ಹೇಳಿದಳು.

ಗೂಳಪ್ಪ ಮಿಸ್ತ್ರಿ ಎರಡನ್ನೂ ಸುತ್ತು ಹಾಕಿ ನೋಡಿದ. ಬೀಡಿ ಸೇದಿ ಮುಗಿಸಿ ತುಂಡನ್ನು ಕಾಲಿನಿಂದ ಹೊಸಕಿದ.

"ತಮ್ಮಾ, ಇದು ಕೂಡೂದಿಲ್ಲ. ಜೀಪಿನ ಎಂಜಿನ್ನಿನ ಬೋಲ್ಟಿನ ತೂತು ಒಂದ ನಮೂನಿ, ಡಾಜಿನ ಗೇರ್‌ಬಾಕ್ಸಿಂದು ಇನ್ನೊಂದ ನಮೂನಿ. ಆರು ಎಳಿಯೂ ಗಾಡಿ ನಾಕು ಹೆಂಗ ಎಳೀತಾವು?"

"ನಡುವ ಒಂದು ಪ್ಲೇಟು ಹಾಕಿದ್ರ ಕೂಡ್ತಾವ್ರಿ ಮಿಸ್ತ್ರೇರ. ಒಂದು ಮಗ್ಗಲಾ ಜೀಪಿನ ತೂತು, ಇನ್ನೊಂದು ಮಗ್ಗಲಾ ಡಾಜಿನ ತೂತು."

"ನಟ್ಟನಡುವ ಕೂಡಬೇಕಲ್ಲ. ಕೂದಲೆಳಿಯಷ್ಟು ಸರದ್ರ ಗೇರು ಹಲ್ಲು ಕಡಕೊಂಡು ಸಾಯ್ತಾವು."

"ಆಯ್ತವಾರ ಲೇತ್ ಕೊಡ್ರಿ ಸಾಕು."

ಗೂಳಪ್ಪ ಲೇತ್ ಕೊಟ್ಟ. ಟೂಲು ಮುರಿದರೆ ಹೊಸದು ತಂದಿಡಬೇಕೆಂಬ ಕರಾರಿನ ಮೇಲೆ.

ಭಾನುವಾರಗಳು ಹಾಗೆ ಶುರುವಾದವು. ಪ್ಲೇಟಿಗೆ ಬೇಕಾದ ದಪ್ಪ ಉಕ್ಕು ಕಟ್ಟಿಗೆ ಕೊರೆಯುವ ಗಿರಣಿಯ ಗುಜರಿ ರಾಶಿಯಲ್ಲಿ ಸಿಕ್ಕಿತು, ಯಾವುದೋ ಹಳೆಯ ಬಾಯ್ಲರಿನ ಮುಚ್ಚಳ. ಎಂಜಿನ್ನು ಕೂರಿಸುವ ಅಡ್ಡಪಟ್ಟಿಯನ್ನು ಲಾರಿಯ ಮುರಿದ ಚಾಸಿಯಿಂದ ಕತ್ತರಿಸಿಕೊಂಡ. ಎಂಜಿನ್ನಿನ ಕೆಳಗೆ ಮೆತ್ತೆಗೆ ಹಳೆಯ ಟಾಯರಿನ ತುಂಡು. ಡಾಜಿನ ಗೇರ್‌ಬಾಕ್ಸಿನ ಮೂತಿ ಜೀಪಿನ ಎಂಜಿನ್ನಿನೊಳಗೆ ಹೋಗಿ ಕೂರಲು ಹಿತ್ತಾಳೆಯ ಬಳೆಯಂಥ ಒಂದು ಬುಶ್ ಬೇಕಾಗಿತ್ತು. ಅದಕ್ಕೆ ಮಾಲವ್ವ ಎಲೆಯಡಿಕೆ ಕುಟ್ಟುವ, ಒಡೆದ ಹಿತ್ತಾಳೆಯ ಕುಟ್ಟಣಿಗೆಯನ್ನು ತಂದುಕೊಟ್ಟಳು. ದ್ಯಾಮಪ್ಪ ಅದನ್ನು ಲೇತಿಗೆ ಹಿಡಿದು ಕಡೆದ. ಮೂರನೆಯ ಸಲಕ್ಕೆ ಅಳತೆ ಬಂತು.

ನಾಲ್ಕನೇ ತಿಂಗಳಲ್ಲಿ ಎಲ್ಲವೂ ಕೂಡಿತು. ಮನೆಯ ಮುಂದಿನ ಹುಣಸೆಮರದ ಕೆಳಗೆ, ಹಿಂದಿನ ಗಾಲಿಗಳನ್ನು ದಿಮ್ಮಿಯ ಮೇಲೆ ಎತ್ತಿ ನಿಲ್ಲಿಸಿ, ಹ್ಯಾಂಡಲ್ ತಿರುವಿದ. ಎಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ದ್ಯಾಮಪ್ಪ ಗಾಡಿಯ ಕೆಳಗೆ ತೂರಿದ. ಸೀಟಿನಲ್ಲಿ ಕೂತ ಮಾಲವ್ವ ಅವನು ಹೇಳಿದಂತೆ ಕ್ಲಚ್ ತುಳಿಯುತ್ತ ಬಿಡುತ್ತ ಇದ್ದಳು. ಗೇರು ಬೀಳುವಾಗ ಕರಕರ ಸದ್ದು ಬಂತು. ದ್ಯಾಮಪ್ಪ ಗೇರಿನ ಎಣ್ಣೆ ನೋಡಿದ, ಕ್ಲಚ್ಚಿನ ಸಳಿ ಬಿಗಿ ಮಾಡಿದ. ಸದ್ದು ಹೋಗಲಿಲ್ಲ.

"ಕೇಳ್ರಿಲ್ಲೆ," ಎಂದಳು ಮಾಲವ್ವ ಮೇಲಿನಿಂದ. "ಇದು ಕಾಲಿನ ಕೆಳಗ ಮಿಡಿಯಾಕತ್ತೇತಿ."

"ಮಿಡೀತೈತಿ ಅಂದ್ರ?"

"ಒತ್ತಿ ಹಿಡದ್ರ ಮ್ಯಾಲ ಬರತೈತಿ, ಕೆಳಗ ಹೋಗತೈತಿ. ನಾಡಿ ಬಡದಂಗ."

ದ್ಯಾಮಪ್ಪ ಕೆಳಗಿನಿಂದ ಹೊರಬಂದು ತಾನೇ ತುಳಿದು ನೋಡಿದ. ಅಂಗಾಲಿಗೆ ಹತ್ತಿಯೂ ಹತ್ತದಂಥ ಒಂದು ಏರಿಳಿತ. ಎಂಜಿನ್ನು ನಿಲ್ಲಿಸಿ ನೆಲದ ಮೇಲೆ ಕೂತುಬಿಟ್ಟ. ಗೂಳಪ್ಪ ಹೇಳಿದ್ದೇ ಆಗಿತ್ತು. ಎಂಜಿನ್ನಿನ ನಡುವೂ ಗೇರ್‌ಬಾಕ್ಸಿನ ನಡುವೂ ಒಂದೇ ಗೆರೆಯ ಮೇಲೆ ಇರಲಿಲ್ಲ. ಎಷ್ಟು ಸರಿದಿದೆ, ಯಾವ ಕಡೆಗೆ ಸರಿದಿದೆ ಎಂದು ಅಳೆಯುವ ಮೀಟರು ದಾಂಡೇಲಿಯಲ್ಲಿ ಇದ್ದದ್ದು ದೊಡ್ಡ ಗಿರಣಿಯೊಳಗೆ ಮಾತ್ರ. ಅದನ್ನು ಹೊರಗೆ ಕೊಡುವವರು ಯಾರು?

ಎರಡು ದಿನ ಅವನು ಡಾಜಿನ ಕಡೆ ತಿರುಗಿ ನೋಡಲಿಲ್ಲ. ಮೂರನೆಯ ದಿನ ಲಾರಿಯ ಗಾಲಿ ಬಿಚ್ಚುತ್ತಿದ್ದಾಗ ಅಪ್ಪ ನೆನಪಾದ. ಗಾಲಿ ಮುಗಿದ ಮೇಲೆ ಅಪ್ಪ ಅದನ್ನು ಅಚ್ಚಿಗೆ ಹಾಕಿ, ಪಕ್ಕದ ನೆಲಕ್ಕೆ ಒಂದು ಕಡ್ಡಿ ನೆಟ್ಟು, ಅದರ ತುದಿ ಗಾಲಿಯ ಅಂಚಿಗೆ ತಾಕಿಯೂ ತಾಕದಂತೆ ಇಡುತ್ತಿದ್ದ. ಗಾಲಿಯನ್ನು ಮೆಲ್ಲಗೆ ತಿರುಗಿಸಿದರೆ ಎಲ್ಲಿ ಉಬ್ಬಿದೆ ಎಲ್ಲಿ ತಗ್ಗಿದೆ ಎಂಬುದನ್ನು ಕಡ್ಡಿಯೇ ಹೇಳುತ್ತಿತ್ತು. ದ್ಯಾಮಪ್ಪ ನಟ್ಟು ತಿರುವುವ ಪಾನೆ ಕೆಳಗಿಟ್ಟು, ಗೂಳಪ್ಪನಿಗೆ ಹೇಳಿ ಮನೆಗೆ ಬಂದ.

ಗೇರ್‌ಬಾಕ್ಸ್ ಬಿಚ್ಚಿ ಇಳಿಸಿದ. ಎಂಜಿನ್ನಿನ ಹಿಂದೆ ತಿರುಗುವ ದೊಡ್ಡ ಚಕ್ರಕ್ಕೆ ಒಂದು ಗಟ್ಟಿ ತಂತಿ ಬಿಗಿದು, ಅದರ ಮೊನೆಯನ್ನು ಪ್ಲೇಟಿನ ನಡುತೂತಿನ ಅಂಚಿಗೆ ಬಗ್ಗಿಸಿದ. ಮಾಲವ್ವ ಮುಂದೆ ಕೂತು ಹ್ಯಾಂಡಲನ್ನು ಬೀಸುಕಲ್ಲು ತಿರುವಿದಂತೆ ಸಾವಕಾಶ ತಿರುವಿದಳು. ತಂತಿ ತೂತಿನ ಸುತ್ತ ಹೊರಟಿತು. ಕೆಳಗೆ ಬಂದಾಗ ಅಂಚಿಗೂ ಮೊನೆಗೂ ನಡುವೆ ಒಂದು ಪೋಸ್ಟ್ ಕಾರ್ಡು ತೂರಲಿಲ್ಲ. ಮೇಲೆ ಬಂದಾಗ ಎರಡು ತೂರಿದವು.

"ಸಿಕ್ತು," ಎಂದ ದ್ಯಾಮಪ್ಪ.

"ಏನ್ ಸಿಕ್ತ್ರಿ?"

"ನಿನ್ನ ಕಾಲಿಗೆ ಬಡೀತಿತ್ತಲ್ಲ, ಅದು."

ಬೋಲ್ಟಿನ ತೂತುಗಳನ್ನು ಅರದಿಂದ ತುಸು ಅಗಲ ಮಾಡಿ, ಪ್ಲೇಟನ್ನು ತಟ್ಟಿ ಸರಿಸುತ್ತ, ತಿರುವಿಸುತ್ತ, ಮತ್ತೆ ತಟ್ಟುತ್ತ ಎರಡು ಭಾನುವಾರ ಕಳೆದವು. ಕೊನೆಗೆ ಸುತ್ತಲೂ ಒಂದೇ ಕಾರ್ಡು, ಒಂದೇ ಬಿಗಿಯಲ್ಲಿ ತೂರಿತು. ಪ್ಲೇಟು ಮುಂದೆಂದೂ ಸರಿಯದಂತೆ ಎರಡು ಉಕ್ಕಿನ ಗೂಟ ಬಡಿದ. ಗೇರ್‌ಬಾಕ್ಸ್ ಏರಿಸಿ ಎಂಜಿನ್ನು ಹಚ್ಚಿದಾಗ ಮಾಲವ್ವ ಕ್ಲಚ್ ತುಳಿದು ಬಿಟ್ಟು, ಮತ್ತೆ ತುಳಿದು ಹಿಡಿದಳು.

"ಏನೂ ಇಲ್ಲ," ಎಂದಳು. "ನೆಲದ ಮ್ಯಾಲ ಕಾಲಿಟ್ಟಂಗ ಐತಿ."

ಇನ್ನೊಂದು ತೊಡಕು ಉಳಿದಿತ್ತು. ಆರರ ಜಾಗದಲ್ಲಿ ನಾಲ್ಕು ಕೂತದ್ದರಿಂದ ಎಂಜಿನ್ನು ಗಿಡ್ಡವಾಗಿ, ಫ್ಯಾನಿಗೂ ರೇಡಿಯೇಟರಿಗೂ ನಡುವೆ ಒಂದು ಗೇಣು ಬಯಲು ಬಿದ್ದಿತ್ತು. ಗಾಳಿ ಬೇಕಾದಲ್ಲಿಗೆ ಹೋಗದೆ ಆಚೀಚೆ ಹಾರಿಹೋಗುತ್ತಿತ್ತು. ಮೊದಲ ಸಲ ಜೋಯ್ಡಾ ಕಡೆಯ ಏರು ಹತ್ತಿಸಿದಾಗ ಅರ್ಧ ದಾರಿಯಲ್ಲೇ ನೀರು ಕುದಿದು ಬಾನೆಟ್ಟಿನಿಂದ ಹಬೆ ಎದ್ದಿತು. ದ್ಯಾಮಪ್ಪ ಗಾಬರಿಯಾಗಲಿಲ್ಲ. ಚಿಮಣಿ ಎಣ್ಣೆಯ ಎರಡು ಡಬ್ಬಿಗಳನ್ನು ಸೀಳಿ, ತಗಡು ಬಗ್ಗಿಸಿ, ಫ್ಯಾನಿನ ಸುತ್ತ ರೇಡಿಯೇಟರಿನವರೆಗೆ ಒಂದು ಗೂಡು ಮಾಡಿದ. ಮುಂದಿನ ವಾರ ಅದೇ ಏರು, ಅದೇ ಬಿಸಿಲು. ನೀರು ಕುದಿಯಲಿಲ್ಲ.

ಇನ್ನು ಸರಕಾರ ಒಪ್ಪಬೇಕಿತ್ತು. ಎಂಜಿನ್ ನಂಬರು ಬದಲಾದ ಗಾಡಿಯನ್ನು ಮೋಟಾರು ಇನ್‌ಸ್ಪೆಕ್ಟರ್ ನೋಡಿ ಬರೆದುಕೊಡದೆ ಬಾಡಿಗೆಗೆ ಓಡಿಸುವಂತಿರಲಿಲ್ಲ. ಅವರ ಕ್ಯಾಂಪು ಹಳಿಯಾಳದ ಮೈದಾನದಲ್ಲಿ. ಅಂದು ಹತ್ತು ಹನ್ನೆರಡು ಲಾರಿಗಳು ಸಾಲುಗಟ್ಟಿದ್ದವು. ಗೂಳಪ್ಪನೂ ಎರಡು ಲಾರಿ ಪಾಸು ಮಾಡಿಸಲು ಬಂದಿದ್ದ. ಡಾಜ್ ಕೊನೆಗೆ ನಿಂತಿತ್ತು. ಹೊಸ ಬಣ್ಣ ಹೊಡೆಸಲು ಆಗಿರಲಿಲ್ಲ. ಮಾಲವ್ವ ಬೂದಿ ಹಚ್ಚಿ ತಿಕ್ಕಿದ ಹಿತ್ತಾಳೆಯ ಹಿಡಿಕೆಗಳು ಮಾತ್ರ ಹೊಳೆಯುತ್ತಿದ್ದವು.

ಇನ್‌ಸ್ಪೆಕ್ಟರ್ ಮೈಸೂರು ಕಡೆಯವರು, ತೆಳ್ಳಗಿನ ಹಿರಿಯರು. ಬಾನೆಟ್ಟು ಎತ್ತಿಸಿ ನೋಡಿದರು. ತಗಡಿನ ಗೂಡನ್ನು ಬೆರಳಿನಿಂದ ತಟ್ಟಿದರು. ಕೋಟು ಬಿಚ್ಚಿ ಸೀಟಿನ ಮೇಲಿಟ್ಟು, ಚಾಪೆ ತರಿಸಿ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿದರು. ಆವತ್ತು ಯಾವ ಲಾರಿಯ ಕೆಳಗೂ ಅವರು ಮಲಗಿರಲಿಲ್ಲ. ಕೆಳಗಿನಿಂದಲೇ ಮಾತು ಬಂತು.

"ಈ ಪ್ಲೇಟು ಯಾವ ಕಾರ್ಖಾನೇಲಿ ಮಾಡಿಸಿದ್ದು?"

"ಕಾರ್ಖಾನ್ಯಾಗಲ್ರಿ ಸಾಹೇಬ್ರ. ನಾನ ಮಾಡೇನ್ರಿ."

"ಸೆಂಟರ್ ಹೇಗೆ ತೆಗೆದೆ?"

ದ್ಯಾಮಪ್ಪ ತಂತಿಯ ಕಥೆ ಹೇಳಿದ. ಪೋಸ್ಟ್ ಕಾರ್ಡಿನದೂ ಹೇಳಿದ. ಹೇಳುವಾಗ ನಾಚಿಕೆಯೆನಿಸಿತು, ದೊಡ್ಡ ಓದು ಓದಿದವರ ಎದುರು ಇದೆಂಥ ಮಾತು ಎಂದು. ಇನ್‌ಸ್ಪೆಕ್ಟರ್ ಹೊರಬಂದು ಬೆನ್ನು ಝಾಡಿಸಿಕೊಂಡು, "ಎಂಟು ಜನರನ್ನ ಹತ್ತಿಸು," ಎಂದರು. ಎಂಟು ಜನ ಹತ್ತಿದರು. ಅವರಲ್ಲಿ ದ್ಯಾಮಪ್ಪನೂ ಗೂಳಪ್ಪನೂ ಇದ್ದರು. ಇನ್‌ಸ್ಪೆಕ್ಟರೇ ಸ್ಟೇರಿಂಗ್ ಹಿಡಿದರು. ದಾಂಡೇಲಿ ರಸ್ತೆಯ ಏರಿಗೆ ಹೋಗಿ, ನಡು ಏರಿನಲ್ಲಿ ಬ್ರೇಕು ಹಿಡಿದು ನಿಲ್ಲಿಸಿ, ಅಲ್ಲಿಂದಲೇ ಮತ್ತೆ ಎಬ್ಬಿಸಿದರು. ಗಾಡಿ ಒಂದಿಷ್ಟೂ ಹಿಂದೆ ಜಾರದೆ, ಜಗ್ಗದೆ ಮೇಲೆ ಹೋಯಿತು. ನೆತ್ತಿಯಲ್ಲಿ ನಿಂತು ಅವರು ಕೈಗಡಿಯಾರ ನೋಡಿಕೊಂಡರು, ಎಂಜಿನ್ನಿನ ಸದ್ದು ಕೇಳಿದರು.

"ಇಪ್ಪತ್ತೆರಡು ವರ್ಷದಿಂದ ಗಾಡಿ ಪಾಸು ಮಾಡ್ತಿದೀನಿ," ಎಂದರು. "ಪೇಟೆಯ ಕಂಪನಿಗಳು ಕೂಡಿಸಿದ್ದೂ ನೋಡಿದೀನಿ. ಇಷ್ಟು ಸದ್ದಿಲ್ಲದ್ದು ನೋಡಿಲ್ಲ. ನಿನ್ನ ಹೆಸರೇನಪ್ಪ?"

ದ್ಯಾಮಪ್ಪ ಬಾಯಿ ತೆರೆಯುವಷ್ಟರಲ್ಲಿ ಉತ್ತರ ಕೊಟ್ಟದ್ದು ಹಿಂದಿನ ಸೀಟಿನಲ್ಲಿದ್ದ ಗೂಳಪ್ಪ.

"ದ್ಯಾಮಪ್ಪ ಮಿಸ್ತ್ರಿ ಅಂತ್ರಿ ಸಾಹೇಬ್ರ. ನಮ್ಮ ಗ್ಯಾರೇಜಿನಾಗ ತಯಾರಾದಾಂವ."

ಅದುವರೆಗೆ ಗೂಳಪ್ಪ ಅವನನ್ನು ತಮ್ಮಾ ಎಂದೋ, ಸಿಟ್ಟು ಬಂದರೆ ಲೇ ಎಂದೋ ಕರೆಯುತ್ತಿದ್ದ. ಮಿಸ್ತ್ರಿ ಎಂದದ್ದು ಅದೇ ಮೊದಲು. ದ್ಯಾಮಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತ. ಮನೆಗೆ ಬಂದು ಮಾಲವ್ವನಿಗೆ ಇದನ್ನು ಹೇಳುವಾಗ ಇನ್‌ಸ್ಪೆಕ್ಟರರ ಮಾತಿಗಿಂತ ಗೂಳಪ್ಪನ ಮಾತನ್ನೇ ಎರಡು ಸಲ ಹೇಳಿದ.

ಆಮೇಲೆ ಡಾಜ್ ಗಾಡಿ ದಾಂಡೇಲಿಯಿಂದ ಜೋಯ್ಡಾ, ಕುಂಬಾರವಾಡಕ್ಕೆ ಓಡಿತು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಊರುಗಳವು. ಭತ್ತದ ಚೀಲ, ಜೇನಿನ ಡಬ್ಬಿ, ಬಾಣಂತಿಯರು, ಕೋರ್ಟಿಗೆ ಹೊರಟವರು, ಎಲ್ಲರೂ ಅದರಲ್ಲೇ. ಗೋವಾ ಬಿಡುಗಡೆಯಾದ ಮೇಲೆ ಅಲ್ಲಿನ ಟ್ಯಾಕ್ಸಿಯವರು ಬಿಡಿಭಾಗ ಸಿಗದ ಪರದೇಶಿ ಕಾರುಗಳನ್ನು ಎಳೆದುಕೊಂಡು ದ್ಯಾಮಪ್ಪನ ಹುಣಸೆಮರ ಹುಡುಕಿ ಬಂದರು. ಒಂದಕ್ಕೆ ವ್ಯಾನಿನ ಎಂಜಿನ್ನು, ಇನ್ನೊಂದಕ್ಕೆ ಜೀಪಿನದು. ಹನ್ನೊಂದು ಗಾಡಿಗಳಿಗೆ ಹೀಗೆ ಹೊಸ ಜೀವ ಕೊಟ್ಟ. ಪ್ರತಿ ಗಾಡಿಯ ಕ್ಲಚ್ಚನ್ನೂ ಕೊನೆಗೆ ಮಾಲವ್ವ ತುಳಿದು ನೋಡಿ ಹೂಂ ಎನ್ನಬೇಕು. ಅವಳು ಹೂಂ ಎನ್ನದ ಎರಡು ಗಾಡಿಗಳನ್ನು ಮತ್ತೆ ಬಿಚ್ಚಿದ್ದೂ ಉಂಟು. ಅವಳ ಸೊಂಟಕ್ಕೆ ಮೊದಲಿನದಕ್ಕಿಂತ ಅಗಲವಾದ ಡಾಬು ಬಂತು.

ಅರವತ್ತೆಂಟರಲ್ಲಿ ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಕರೆ ಬಂತು. ಗೋವಿನಜೋಳ ಬೀಸುವ ಗಿರಣಿಗೆ ಅವರು ಒಂದು ಹಳೆಯ ಲಾರಿ ಎಂಜಿನ್ನು ತಂದಿಟ್ಟುಕೊಂಡಿದ್ದರು, ಕೂಡಿಸಲು ಬಂದಿರಲಿಲ್ಲ. ದ್ಯಾಮಪ್ಪ ಮೂರು ದಿನ ಅಲ್ಲೇ ಉಳಿದ. ಗಿರಣಿ ನೋಡಿಕೊಳ್ಳುವ ಮುದುಕನಿಗೆ ಕನ್ನಡ ಬಾರದು, ದ್ಯಾಮಪ್ಪನಿಗೆ ಅವನ ಮಾತು ಬಾರದು. ಪಾನೆಯ ಅಳತೆಯನ್ನು ಬೆರಳಲ್ಲಿ ತೋರಿಸಿಕೊಂಡೇ ಕೆಲಸ ಮುಗಿಸಿದರು. ಗಿರಣಿ ತಿರುಗಿ ಮೊದಲ ಹಿಟ್ಟು ಬಿದ್ದಾಗ ಮುದುಕ ಅದನ್ನು ಬೊಗಸೆಯಲ್ಲಿ ಹಿಡಿದು ಅವನ ಮುಂದೆ ಚಾಚಿ, ತಲೆ ಬಾಗಿಸಿದ.

"ಅವರ ಚಾದಾಗ ಉಪ್ಪು, ಬೆಣ್ಣಿ ಹಾಕಿರತಾರ," ಎಂದ ದ್ಯಾಮಪ್ಪ ಮನೆಗೆ ಬಂದು.

"ಹೆಂಗ ಕುಡದ್ರಿ?" ಎಂದಳು ಮಾಲವ್ವ.

"ಎರಡು ಬಟ್ಟಲಾ ಕುಡದ್ನಿ. ಎಲ್ಲಾರೂ ಎದ್ದು ನಿಂತು ಕೊಟ್ರು."