ಬಾಯಿ ಬಿಡದ ಅಕ್ಷರ

ಮಕ್ಕಳ ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಸೂಜಿಯಕ್ಕ ಎನ್ನುತ್ತಿದ್ದರು. ಹದಿನೆಂಟು ವರ್ಷದಿಂದ ಒಂದೇ ಕೆಲಸ: ಅಂಗಿಯ ಎದೆಯ ಮೇಲೆ ಬಣ್ಣದ ದಾರದಲ್ಲಿ ಇಂಗ್ಲಿಷ್ ಅಕ್ಷರ ಮೂಡಿಸುವುದು. ಕನ್ನಡ ಓದುತ್ತಿದ್ದಳು, ಇಂಗ್ಲಿಷ್ ಬಾರದು. ಸೂಪರ್‌ವೈಸರ್ ಚೀಟಿಯಲ್ಲಿ ಬರೆದುಕೊಟ್ಟಿದ್ದನ್ನು ಗೆರೆಗೆ ಗೆರೆ ಇಳಿಸುತ್ತಿದ್ದಳು. ಕೋಳಿ ಕೆದರಿದಂತಿದ್ದ ಅವನ ಬರಹ ಅವಳ ಮೆಷಿನ್ನಿನಲ್ಲಿ ಮುತ್ತು ಪೋಣಿಸಿದಂತಾಗುತ್ತಿತ್ತು.

ಒಂದು ಸೋಮವಾರ ಅವನು ಇನ್ನೂರು ಅಂಗಿಗಳ ಗಂಟನ್ನು ಅವಳ ಮುಂದೆ ಧೊಪ್ಪೆಂದು ಎಸೆದ. ಅಂಗಡಿಯವರು ವಾಪಸ್ ಕಳಿಸಿದ್ದರು.

“ಕ್ಯೂಟ್ ಬೇಬಿ ಅಂತ ಹಾಕಮ್ಮಾ ಅಂದ್ರೆ ಕಟ್ ಬೇಬಿ ಅಂತ ಹಾಕಿದ್ದೀಯಲ್ಲ! ಮಗೂನ ಕತ್ತರಿಸೋದಾ? ಕಣ್ಣೇನು ಬೆನ್ನಿಗಿದ್ಯಾ?”

ನಲವತ್ತು ಮೆಷಿನ್ನುಗಳು ಒಟ್ಟಿಗೆ ನಿಂತವು. ಯಾರೋ ಕಿಸಕ್ಕೆಂದರು.

“ಚೀಟೀಲಿ ಇದ್ದಿದ್ದನ್ನೇ ಹಾಕಿದ್ದೀನಿ ಸಾರ್.”

“ಚೀಟೀಲಿ ಸರಿಯಾಗೇ ಇತ್ತು. ಎಬಿಸಿಡಿ ಗೊತ್ತಿಲ್ಲದೋರಿಗೆ ಕೆಲಸ ಕೊಟ್ರೆ ಹೀಗೇ. ಎಲ್ಲಾ ಬಿಚ್ಚು!”

ಸಂಜೆಯವರೆಗೂ ತಾನೇ ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚಿದಳು. ಉಗುರಿನ ಸಂದಿಯಲ್ಲೆಲ್ಲ ಗುಲಾಬಿ ನೂಲು. ಅರ್ಧವೂ ಮುಗಿಯಲಿಲ್ಲ. ಮೈ ಉರಿಯುತ್ತಿತ್ತು. ಆ ಹಳೆಯ ಚೀಟಿಯನ್ನು ಡ್ರಾಯರಿನಿಂದ ಹುಡುಕಿ ತೆಗೆದು ಮನೆಗೆ ಒಯ್ದಳು. ಒಂಬತ್ತನೇ ತರಗತಿಯ ಮಗಳ ಪುಸ್ತಕದ ಮೇಲೆ ಅದನ್ನು ಬಡಿದಳು.

“ಓದು.”

“ಕಟ್ ಬೇಬಿ.”

“ಮತ್ತೆ ಕ್ಯೂಟ್ ಅಂತ ಹೇಗೆ ಬರೀತಾರೆ?”

“ಕೊನೇಲಿ ಒಂದು ಇ ಬರಬೇಕಮ್ಮ. ಅದಕ್ಕೆ ಉಚ್ಚಾರ ಇಲ್ಲ. ಆದ್ರೆ ಅದು ಬಂದ್ರೆ ಹಿಂದಿರೋ ಸ್ವರ ದೀರ್ಘ ಆಗುತ್ತೆ. ಇಲ್ಲಾಂದ್ರೆ ಹ್ರಸ್ವ.”

“ತಾನು ಬಾಯಿ ಬಿಡದೆ ಇನ್ನೊಬ್ಬರ ಬಾಯಿ ಎಳೆಸೋದಾ? ನಮ್ಮಲ್ಲಾದ್ರೆ ಕಣ್ಣಿಗೆ ಕಾಣೋ ಹಾಗೆ ಕೊಂಬಿನಿಳಿ ಹಾಕ್ತೀವಿ. ಇದೆಂಥಾ ಕಳ್ಳಾಟ!”

ಮಗಳು ನಕ್ಕಳು, ತಾಯಿ ನಗಲಿಲ್ಲ. ಹಾಪ್–ಹೋಪ್, ಪಿನ್–ಪೈನ್, ಕ್ಯಾಪ್–ಕೇಪ್ ಎಂದು ಬರೆಸಿಕೊಂಡು, ಕೊನೆಯ ಅಕ್ಷರವನ್ನು ಬೆರಳಿನಿಂದ ಮುಚ್ಚಿ ತೆರೆದು ನೋಡಿದಳು. ಹತ್ತು ನಿಮಿಷದಲ್ಲಿ ತಲೆಗೆ ಹತ್ತಿತು. ಹತ್ತಿದ ಮೇಲೆ ಸಿಟ್ಟು ಇಮ್ಮಡಿಯಾಯಿತು. ಹತ್ತೇ ನಿಮಿಷದ ಪಾಠ! ಹದಿನೆಂಟು ವರ್ಷದಲ್ಲಿ ಒಬ್ಬರಾದರೂ ಹೇಳಿಕೊಟ್ಟಿದ್ದರೆ?

ಮರುದಿನ ಚೀಟಿ ಹಿಡಿದು ನೇರವಾಗಿ ಮಾಲೀಕರ ಕೋಣೆಗೆ ನುಗ್ಗಿದಳು. ಸೂಪರ್‌ವೈಸರ್ ಅಲ್ಲೇ ಇದ್ದ.

“ಸಾರ್, ಇದನ್ನ ಜೋರಾಗಿ ಓದಿ.”

“ಕಟ್ ಬೇಬಿ,” ಎಂದು ಓದಿದ ಮಾಲೀಕರು ಸೂಪರ್‌ವೈಸರ್ ಕಡೆ ತಿರುಗಿದರು. ಸೂಪರ್‌ವೈಸರ್ ಹಲ್ಲು ಕಿರಿದ. “ಆತುರದಲ್ಲಿ ಬಿಟ್ಟುಹೋಗಿದೆ ಸಾರ್.”

“ಒಂದೇ ಅಕ್ಷರ ತಾನೇ, ಬಿಡಮ್ಮಾ,” ಎಂದರು ಮಾಲೀಕರು.

“ನಿನ್ನೆ ಎಲ್ಲರ ಮುಂದೆ ನನ್ನ ಮಾನ ಹರಾಜು ಹಾಕ್ದಾಗ ಅದು ಒಂದೇ ಅಕ್ಷರ ಆಗಿರಲಿಲ್ವಲ್ಲ ಸಾರ್! ಇನ್ನೂ ನೂರಕ್ಕೂ ಜಾಸ್ತಿ ಅಂಗಿ ಇದಾವೆ. ಅಕ್ಷರ ಬಿಟ್ಟೋರೇ ಹೊಲಿಗೆ ಬಿಚ್ಚಲಿ. ನಾನು ಮುಟ್ಟಲ್ಲ.”

ಬಾಗಿಲಲ್ಲಿ ಹೆಂಗಸರು ಗುಂಪುಗೂಡಿದ್ದರು. ಮಾಲೀಕರು ಅವರನ್ನೊಮ್ಮೆ ನೋಡಿ, “ಹೋಗ್ರೀ, ಕೂತು ಬಿಚ್ಚಿ,” ಎಂದು ಸೂಪರ್‌ವೈಸರ್‌ಗೆ ಗದರಿದರು.

ಎರಡು ದಿನ ಕೂತು ಬಿಚ್ಚಿದ. ಏಳು ಅಂಗಿ ಹರಿದ. ತಪ್ಪಾಯಿತು ಎಂಬ ಮಾತು ಮಾತ್ರ ಅವನ ಬಾಯಿಂದ ಇಂದಿಗೂ ಬಂದಿಲ್ಲ. ಈಗ ಪ್ರತಿ ಚೀಟಿಗೂ ಸೂಜಿಯಕ್ಕ ಅವನ ಸಹಿ ಕೇಳುತ್ತಾಳೆ. ಅವನು ತಡ ಮಾಡಿದರೆ, ಮೆಷಿನ್ ಮುಟ್ಟದೆ ಕೈಕಟ್ಟಿ ಅವನನ್ನೇ ದುರುಗುಟ್ಟಿ ನೋಡುತ್ತಾಳೆ.